ಬಾಗಿಲ ಕಾವಲೂ ಮೈಮೇಲಣ ಬಟ್ಟೆಯೂ

ನಮ್ಮ ತೇನಿ, ದಿಂಡಿಗಲ್ಲು ಜಿಲ್ಲೆಗಳಲ್ಲಿ ಕ್ಯಾಸಿನೊ ಎಂಬ ಹೆಸರಿನ ಜೂಜುಮಂದಿರ ಒಂದೂ ಇಲ್ಲ. ತಮಿಳುನಾಡಿನಲ್ಲಿಯೇ ಇಲ್ಲ. ೧೯೩೦ರ ಜೂಜು ಕಾಯಿದೆ ಅದಕ್ಕೆ ಎಡೆಗೊಟ್ಟಿಲ್ಲ. ಆದರೆ ಅಂಥ ಮಂದಿರಗಳ ಹೊಸ್ತಿಲಲ್ಲಿ ನಿಂತು, ಒಳಬರುವವನ ಅಂಗಿ ಎಂಥದು, ಕಾಲ್ಮೆಟ್ಟು ಎಂಥದು, ಅವನನ್ನು ಬಲ್ಲವರು ಯಾರು ಎಂದು ವಿಚಾರಿಸುವ ನಿಯಮವೊಂದು ಉಂಟಷ್ಟೆ. ಆ ನಿಯಮದ ಚರಿತ್ರೆಯ ಕೆಲವು ಮುಖ್ಯ ಪ್ರಕರಣಗಳು ನಡೆದಿರುವುದು ನಮ್ಮ ನೆರೆಹೊರೆಯಲ್ಲಿಯೇ. ಮೊಂಟೆಕಾರ್ಲೊವಿನ ಬಾಗಿಲಿನಲ್ಲಿ ಕೋಟು ತೊಡದವನಿಗೆ ಏನಾಯಿತೆಂದು ತಿಳಿಯುವುದಕ್ಕಿಂತ, ಮದುರೆಯಲ್ಲಿ, ಕೊಡೈಕಾನಲಿನಲ್ಲಿ, ಚೆನ್ನೈಯಲ್ಲಿ ಪಂಚೆಗೆ ಏನಾಯಿತೆಂದು ತಿಳಿಯುವುದು ನಮ್ಮ ವಾಚಕರಿಗೆ ಹೆಚ್ಚು ಪ್ರಯೋಜನಕರವೆಂದು ನನ್ನ ಎಣಿಕೆ. ನೂಲುವ, ನೇಯುವ, ಉಡುವ ಕೆಲಸದಿಂದಲೇ ಜೀವನ ಸಾಗಿಸಿದ ಮನೆತನಗಳು ನಮ್ಮಲ್ಲಿ ಬಹಳ ಇವೆಯಲ್ಲವೆ?

ಜೂಜಿಗೂ ಬಟ್ಟೆಗೂ ಇರುವ ನಂಟು ಹೊಸತಲ್ಲ. ಭಾರತದ ಸಭಾಪರ್ವವನ್ನು ನೆನೆದರೆ ಸಾಕು. ಧರ್ಮರಾಯನು ಆ ದ್ಯೂತಸಭೆಗೆ ಹೋದದ್ದು ಕರೆ ಬಂದ ಮೇಲೆ, ಅರಸಿಗೆ ತಕ್ಕ ಉಡುಪಿನಲ್ಲಿ. ಪಣದಲ್ಲಿ ಸೋತ ಬಳಿಕ ಪಾಂಡವರು ತಮ್ಮ ಉತ್ತರೀಯಗಳನ್ನು ತಾವೇ ತೆಗೆದಿಟ್ಟು ಕುಳಿತರು. ಮುಂದೆ ದ್ರೌಪದಿಯ ಸೀರೆಗೆ ಕೈಬಿದ್ದ ಕಥೆಯನ್ನು ಹೇಳಬೇಕಾಗಿಲ್ಲ. ಮರುಜೂಜಿನಲ್ಲಿಯೂ ಸೋತು, ತೊಗಲುಡುಗೆಯಲ್ಲಿ ಕಾಡಿಗೆ ನಡೆದರು. ಒಳಗೆ ಹೋಗುವಾಗಿನ ಬಟ್ಟೆ ಒಂದು, ಹೊರಗೆ ಬರುವಾಗಿನದು ಇನ್ನೊಂದು. ಆಟದ ಮನೆಗಳ ಚರಿತ್ರೆಯನ್ನೆಲ್ಲ ಹುಡುಕಿದರೂ ಇದಕ್ಕಿಂತ ನಿಷ್ಠುರವಾದ ವರದಿ ಸಿಕ್ಕುವುದು ಕಷ್ಟ.

ಕೌಟಿಲ್ಯನ ಅರ್ಥಶಾಸ್ತ್ರ ಬೇರೆ ಬಗೆಯದು. ಅಲ್ಲಿ ಕಣ್ಣೀರಿಲ್ಲ, ಲೆಕ್ಕವಿದೆ. ದ್ಯೂತಾಧ್ಯಕ್ಷನೆಂಬ ಅಧಿಕಾರಿ ಜೂಜನ್ನೆಲ್ಲ ಒಂದೇ ಕಡೆಗೆ ತರಬೇಕು. ಬೇರೆಡೆ ಆಡಿದವನಿಗೆ ೧೨ ಪಣ ದಂಡ. ಗೆದ್ದವನಿಂದ ನೂರಕ್ಕೆ ಐದರಂತೆ ವಸೂಲಿ. ದಾಳಗಳನ್ನು ಅಧ್ಯಕ್ಷನೇ ಒದಗಿಸತಕ್ಕದ್ದು. ಒಂದೇ ಕಡೆ ಏಕೆಂದರೆ, ಗುಟ್ಟಾಗಿ ಬದುಕು ನಡೆಸುವವರು ಯಾರೆಂದು ಪತ್ತೆಯಾಗಬೇಕು. ಇಲ್ಲಿ ಉಡುಪಿನ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ರಾಜ್ಯಕ್ಕೆ ಬೇಕಾದದ್ದು ಆಡುವವನ ಗುರುತು ಮತ್ತು ಅವನ ಹಣ. ಅವನ ಅಂಗಿಯ ಚಿಂತೆ ರಾಜ್ಯಕ್ಕಿರಲಿಲ್ಲ. ಅಂಗಿಯನ್ನು ನೋಡಿ ಮನುಷ್ಯನನ್ನು ಅಳೆಯುವ ವಿದ್ಯೆಯನ್ನು ಆಟದ ಮನೆಗಳಿಗೆ ಕಲಿಸಿದವರು ಬಹಳ ಕಾಲಾನಂತರ ಬಂದ ಬೇರೆ ಗುರುಗಳು.

ಆ ಗುರುಗಳು ಆಂಗ್ಲರು. ಬಟ್ಟೆಯ ವಿಷಯದಲ್ಲಿ ಅವರು ನಮ್ಮವರಿಗೆ ಹೇಳಿದ ಪಾಠಗಳಲ್ಲಿ ಅತ್ಯಂತ ರಕ್ತಮಯವಾದದ್ದು ವೇಲೂರಿನದು. ೧೮೦೫ರ ಕೊನೆಯಲ್ಲಿ ಮದರಾಸಿನ ಸೇನಾಧಿಪತಿ ಸರ್ ಜಾನ್ ಕ್ರೇಡಾಕನು ಸಿಪಾಯಿಗಳ ಉಡುಪನ್ನು ತಿದ್ದಲು ಹೊರಟ. ಕವಾಯತಿನಲ್ಲಿ ಹಣೆಗೆ ನಾಮ, ವಿಭೂತಿ ಕೂಡದು, ಗಡ್ಡ ಬೋಳಿಸಬೇಕು, ಮೀಸೆ ಒಂದೇ ಅಳತೆಗೆ ಇರಬೇಕು, ಕಿವಿಯಲ್ಲಿ ಒಂಟಿ ಇರಬಾರದು, ತಲೆಗೆ ತೊಗಲಿನ ಕುಚ್ಚುಳ್ಳ ಹೊಸ ಬಗೆಯ ಮುಂಡಾಸು. ಸಿಪಾಯಿಗೆ ಅದು ಮುಂಡಾಸಾಗಿ ಕಾಣಲಿಲ್ಲ, ಪರಂಗಿಯವರ ಟೊಪ್ಪಿಗೆಯಾಗಿಯೇ ಕಂಡಿತು. ೧೮೦೬ನೆಯ ಇಸವಿ ಜುಲೈ ೧೦ರ ಬೆಳಗಿನ ಜಾವ ವೇಲೂರು ಕೋಟೆಯಲ್ಲಿ ದಂಗೆಯೆದ್ದಿತು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಸೆರೆಯಿದ್ದರು. ಮೈಸೂರಿನ ಬಾವುಟ ಕೋಟೆಯ ಮೇಲೆ ಹಾರಿತು. ನೂರಕ್ಕೂ ಮಿಕ್ಕಿ ಬಿಳಿಯ ಸೈನಿಕರು ಮಡಿದರು; ಮಧ್ಯಾಹ್ನದೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಮಂದಿ ಸಿಪಾಯಿಗಳು ಸತ್ತರು. ಕ್ರೇಡಾಕನನ್ನೂ ಗವರ್ನರ್ ಬೆಂಟಿಂಕನನ್ನೂ ಕಂಪನಿ ಹಿಂದಕ್ಕೆ ಕರೆಸಿಕೊಂಡಿತು, ಉಡುಪಿನ ಅಪ್ಪಣೆ ರದ್ದಾಯಿತು. ನಮ್ಮ ದಿಂಡಿಗಲ್ಲಿನಲ್ಲಿ ೧೭೫೫ರಲ್ಲಿ ಮೈಸೂರಿನ ಫೌಜುದಾರನಾಗಿ ಹೈದರನು ಬಂದು ನಿಂತದ್ದು, ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಈ ಸೀಮೆ ಮೈಸೂರಿನ ಕೈಬಿಟ್ಟುಹೋದದ್ದು ಎಲ್ಲರೂ ಬಲ್ಲ ಸಂಗತಿ. ಆ ಹದಿನಾಲ್ಕು ವರ್ಷಗಳೊಳಗೆ ಹೊಸ ದೊರೆಗಳು ನೆಲವನ್ನು ಅಳೆದು ಮುಗಿಸಿ ತಲೆಯನ್ನು ಅಳೆಯಲು ತೊಡಗಿದ್ದರೆಂಬುದು ಚೋದ್ಯ.

ಪಾದರಕ್ಷೆಯ ವಿವಾದ ಇದರಷ್ಟು ಘೋರವಲ್ಲ, ಆದರೆ ಇದಕ್ಕಿಂತ ಕುಟಿಲವಾದದ್ದು. ೧೮೫೪ರಲ್ಲಿ ಗವರ್ನರ್ ಜನರಲನ ಆಲೋಚನಾ ಸಭೆ ಒಂದು ಅಪ್ಪಣೆ ಹೊರಡಿಸಿತು. ಸರಕಾರದ ಸಮಾರಂಭಗಳಿಗೆ ಬರುವ ದೇಶೀಯನು ಯುರೋಪಿಯನ್ ತರಹದ ಬೂಟು ಮೆಟ್ಟಿದ್ದರೆ ಅದರೊಡನೆ ಒಳಗೆ ಬರಬಹುದು. ನಾಡಿನ ಜೋಡು ಮೆಟ್ಟಿದ್ದವನು ಮಾತ್ರ ಹೊರಗೇ ಬಿಟ್ಟು ಬರಿಗಾಲಲ್ಲಿ ಬರಬೇಕು. ತೊಗಲು ಎರಡೂ ತೊಗಲೇ, ಕಾಲು ಎರಡೂ ಕಾಲೇ. ಹೊಲಿದವನ ಮಾದರಿ ಯಾವುದೆಂಬುದರ ಮೇಲೆ ಮರ್ಯಾದೆ ನಿಂತಿತು. ಪರದೇಶದ ಉಡುಪು ತೊಟ್ಟರೆ ಬಾಗಿಲು ತೆರೆಯುತ್ತದೆಂಬ ಪಾಠ ನಮ್ಮ ವಿದ್ಯಾವಂತರ ಮನಸ್ಸಿನಲ್ಲಿ ಬೇರೂರಿದ್ದು ಹೀಗೆ.

ಕ್ರೇಡಾಕನಂಥವರನ್ನೇ ದೂರಿ ಸುಮ್ಮನಾಗುವುದೂ ನ್ಯಾಯವಲ್ಲ. ಬೆಟ್ಟದಾಚೆಯ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುವಸ್ತ್ರ ಹೊದೆಯಬಾರದೆಂದು ಕಟ್ಟು ಮಾಡಿದವರು ಆಂಗ್ಲರಲ್ಲ, ನಮ್ಮವರೇ. ಹಲವು ದಶಕಗಳ ಗಲಭೆ, ಹೊಡೆದಾಟಗಳಾದ ಮೇಲೆ ೧೮೫೯ರ ಜುಲೈ ೨೬ರಂದು ಮಹಾರಾಜರ ಪ್ರಕಟಣೆ ಹೊರಟು ಅವರಿಗೆ ಮೈ ಮುಚ್ಚುವ ಅಧಿಕಾರ ದೊರೆಯಿತು. ಆಗಲೂ ಮೇಲು ಜಾತಿಯವರು ಹೊದೆಯುವ ರೀತಿಯಲ್ಲಿ ಹೊದೆಯಬಾರದೆಂಬ ಬಾಲಂಗೋಚಿ ಅದಕ್ಕಿತ್ತು. ಒಬ್ಬನಿಗೆ ಬಟ್ಟೆ ಕಡಿಮೆಯಾಯಿತೆಂದು ಹೊರಗೆ ನಿಲ್ಲಿಸುವುದು, ಇನ್ನೊಬ್ಬಳಿಗೆ ಬಟ್ಟೆ ಹೆಚ್ಚಾಯಿತೆಂದು ಎಳೆದುಹಾಕುವುದು, ಎರಡೂ ಒಂದೇ ಶಾಸ್ತ್ರದ ಎರಡು ಸೂತ್ರಗಳು.

ಇನ್ನು ಕ್ಲಬ್ಬುಗಳ ವಿಷಯಕ್ಕೆ ಬರೋಣ. ಮದರಾಸಿನ ಮದ್ರಾಸ್ ಕ್ಲಬ್ಬು ೧೮೩೨ರದು. ಯುರೋಪಿಯನ್ ಗಂಡಸರಿಗೆ ಮೀಸಲು. ಉದಕಮಂಡಲದ್ದು ೧೮೪೧ರದು. ಬೆಂಗಳೂರಿನಲ್ಲಿ ೧೮೬೮ರಲ್ಲಿ ಯುನೈಟೆಡ್ ಸರ್ವಿಸಸ್ ಕ್ಲಬ್ಬು ಎದ್ದಿತು. ಇಂದಿನ ಬೆಂಗಳೂರು ಕ್ಲಬ್ಬು ಅದೇ. ವಿನ್‌ಸ್ಟನ್ ಚರ್ಚಿಲ್ ತರುಣ ಸೈನ್ಯಾಧಿಕಾರಿಯಾಗಿ ಅಲ್ಲಿದ್ದಾಗ ೧೩ ರೂಪಾಯಿ ಬಾಕಿ ಉಳಿಸಿ ಹೋದದ್ದು ಅದರ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ. ಆ ಪುಟವನ್ನು ಈಗ ಅಭಿಮಾನದಿಂದ ಕಾಪಾಡಿಕೊಂಡಿದ್ದಾರೆ. ನಮ್ಮ ಪೇಟೆಯ ಅಂಗಡಿಯಲ್ಲಿ ೧೩ ರೂಪಾಯಿ ಬಾಕಿ ಇಟ್ಟವನ ಹೆಸರನ್ನು ಅಷ್ಟು ಗೌರವದಿಂದ ಕಾಪಾಡುವ ಶೆಟ್ಟರನ್ನು ನಾನು ಕಾಣೆ.

ನಮ್ಮದೇ ಜಿಲ್ಲೆಯ ಕೊಡೈಕಾನಲಿನ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ೧೮೪೫ರಲ್ಲಿ ಅಮೆರಿಕದ ಮಿಷನರಿಗಳು, ಬಯಲಿನ ಜ್ವರಕ್ಕೆ ಅಂಜಿ, ಅಲ್ಲಿ ಮೊದಲ ಎರಡು ಬಂಗಲೆಗಳನ್ನು ಕಟ್ಟಿದರು. ೧೮೬೩ರಲ್ಲಿ ಮದುರೆಯ ಕಲೆಕ್ಟರನಾಗಿದ್ದ ಲೆವಿಂಜನು ಹಳ್ಳಕ್ಕೆ ಒಡ್ಡು ಹಾಕಿಸಿ ಇಂದಿನ ಸರೋವರವನ್ನು ನಿರ್ಮಿಸಿದ. ೧೮೮೭ರಲ್ಲಿ ಇಂಗ್ಲಿಷ್ ಕ್ಲಬ್ಬೆಂಬ ಹೆಸರಿನಲ್ಲಿ ಅಲ್ಲಿಯ ಕ್ಲಬ್ಬು ಸ್ಥಾಪಿತವಾಯಿತು. ೧೮೯೦ರಲ್ಲಿ ದೋಣಿ ಕ್ಲಬ್ಬು. ೧೮೯೫ರಲ್ಲಿ ಗಾಲ್ಫ್ ಕ್ಲಬ್ಬು. ಎಂಟು ವರ್ಷಗಳಲ್ಲಿ ಮೂರು! ಆಗ ಬೆಟ್ಟಕ್ಕೆ ಮೋಟಾರು ರಸ್ತೆ ಇರಲಿಲ್ಲ. ೧೮೭೫ರಲ್ಲಿ ರೈಲು ಬಂದ ಮೇಲೆ ಕೊಡೈ ರೋಡಿನಲ್ಲಿ ಇಳಿದವರು ಎತ್ತಿನ ಗಾಡಿಯಲ್ಲಿ ಪೆರಿಯಕುಳಂ ಕಡೆಗೆ ಬಂದು, ಬೆಟ್ಟದ ಬುಡದ ಕೃಷ್ಣಮನಾಯಕನ್ ತೋಪಿನಿಂದ ಕುದುರೆಯ ಮೇಲೋ, ಆಳುಗಳು ಹೊತ್ತ ಕುರ್ಚಿ ಡೋಲಿಗಳಲ್ಲೋ ಮೇಲಕ್ಕೆ ಹೋಗಬೇಕಾಗಿತ್ತು. ಪೂರ್ವದ ಕಡೆಯಿಂದ ಲಾಸ್ ಘಾಟ್ ರಸ್ತೆ ತೆರೆದದ್ದು ೧೯೧೪ರ ಸುಮಾರಿಗೆ. ಅಂದರೆ ಆ ಮೂರು ಕ್ಲಬ್ಬುಗಳ ಮೇಜು, ಕುರ್ಚಿ, ಗಾಜಿನ ಸಾಮಾನು, ಪಿಯಾನೊ ಮುಂತಾದುವೆಲ್ಲ ನಮ್ಮ ಬಯಲಿನ ಜನರ ಹೆಗಲೇರಿಯೇ ಬೆಟ್ಟ ಹತ್ತಿರಬೇಕು. ಹೊತ್ತವನು ಸಾಮಾನಿನೊಡನೆ ಒಳಗೆ ಹೋಗಬಹುದು. ಸಾಮಾನು ಇಳಿಸಿದ ಮೇಲೆ ಅವನಿಗೆ ಅಲ್ಲಿ ಕೆಲಸವಿಲ್ಲ.

ಪಶ್ಚಿಮದ ಬೆಟ್ಟದಲ್ಲಿಯೂ ಹಾಗೆಯೇ. ಮೂನಾರಿನ ಚಹಾ ತೋಟಗಳ ದೊರೆಗಳು ೧೯೦೯ರಲ್ಲಿ ಹೈ ರೇಂಜ್ ಕ್ಲಬ್ಬು ಮಾಡಿಕೊಂಡರು. ಅಲ್ಲಿ ಗಂಡಸರಿಗೆ ಮಾತ್ರವೆಂದು ಒಂದು ಪಾನಶಾಲೆ. ಬಹುಕಾಲ ಬೆಟ್ಟದಲ್ಲಿ ದುಡಿದ ತೋಟಗಾರ ದೊರೆಗಳ ಟೊಪ್ಪಿಗೆಗಳನ್ನು ಗೋಡೆಗೆ ತೂಗುಹಾಕುವ ಸಂಪ್ರದಾಯ. ಆ ತೋಟಗಳ ಚಹಾ ಟಾಪ್ ಸ್ಟೇಷನ್ನಿನಿಂದ ಹಗ್ಗದ ಹಾದಿಯಲ್ಲಿ ಕೊಟ್ಟಗುಡಿಗೆ ಇಳಿದು ನಮ್ಮ ಬೋಡಿನಾಯಕನೂರಿಗೆ ಬರುತ್ತಿತ್ತು. ಟೊಪ್ಪಿಗೆಗೆ ಗೋಡೆಯ ಮೇಲೆ ಸ್ಥಾನ ದೊರೆತ ಮನೆಯಲ್ಲಿ ಮುಂಡಾಸಿಗೆ ಮೊಳೆ ಹೊಡೆದವರಿಲ್ಲ.

ಸದಸ್ಯತ್ವವೆಂಬುದರ ಕ್ರಮವನ್ನೂ ಇಲ್ಲಿ ತಿಳಿಸಬೇಕು. ಹೊಸಬನೊಬ್ಬನನ್ನು ಹಳೆಯ ಸದಸ್ಯನೊಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ಹೆಸರನ್ನು ಹಲಗೆಯ ಮೇಲೆ ಹಾಕಬೇಕು. ಬಳಿಕ ಒಂದು ಪೆಟ್ಟಿಗೆಯಲ್ಲಿ ಸದಸ್ಯರು ಬಿಳಿಯ ಗೋಲಿಯನ್ನೋ ಕರಿಯ ಗೋಲಿಯನ್ನೋ ಹಾಕಬೇಕು. ಕರಿಯ ಗೋಲಿ ಒಂದೋ ಎರಡೋ ಬಿದ್ದರೆ ಅರ್ಜಿ ತಳ್ಳಿಹೋಯಿತು. ಹಾಕಿದವನು ಯಾರು, ಏಕೆ ಹಾಕಿದ ಎಂದು ಕೇಳುವ ಹಾಗಿಲ್ಲ. ಲಂಡನ್ನಿನ ಹಳೆಯ ಜೂಜಿನ ಕ್ಲಬ್ಬುಗಳಿಂದ ಇಲ್ಲಿಗೆ ಬಂದ ಪದ್ಧತಿ ಇದು. ನಾಲ್ಕು ಜನ ಸಭ್ಯರು ಸೇರಿ ಐದನೆಯವನನ್ನು ಮುಖ ಕಾಣಿಸದೆ ಹೊರಗೆ ನಿಲ್ಲಿಸಬಹುದಾದ ಯಂತ್ರ ಇದಕ್ಕಿಂತ ಉತ್ತಮವಾದದ್ದು ಇನ್ನೂ ತಯಾರಾಗಿಲ್ಲ.

ಹೊರಗೆ ನಿಂತವರು ಸುಮ್ಮನಿರಲಿಲ್ಲ. ಮದರಾಸಿನಲ್ಲಿ ೧೮೭೩ರಲ್ಲಿಯೇ ಕಾಸ್ಮೊಪಾಲಿಟನ್ ಕ್ಲಬ್ಬು ಹುಟ್ಟಿತು, ದೇಶೀಯರೂ ಯುರೋಪಿಯನ್ನರೂ ಕೂಡಿ ಕುಳಿತುಕೊಳ್ಳಲೆಂದು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೭ರಲ್ಲಿ, ಸೆಂಚುರಿ ಕ್ಲಬ್ಬು ಏರ್ಪಟ್ಟಿತು. ನೂರು ಸದಸ್ಯರಿಂದ ಆ ಹೆಸರು. ಮುಂಬಯಿಯ ವಿಲಿಂಗ್ಡನ್ ಕ್ಲಬ್ಬೂ ಇದೇ ಕಾಲದ್ದು. ಇವೆಲ್ಲ ಬಣ್ಣದ ಬೇಲಿಯನ್ನು ಕಿತ್ತವು, ನಿಜ. ಆದರೆ ಕಿತ್ತ ಜಾಗದಲ್ಲಿ ಉಡುಪಿನ ಬೇಲಿಯನ್ನು ಹೂಡದೆ ಬಿಟ್ಟವು ಅಪರೂಪ. ಸ್ವಾತಂತ್ರ್ಯ ಬಂದು, ಮದ್ರಾಸ್ ಕ್ಲಬ್ಬಿನಂಥದೂ ೧೯೬೦ರ ದಶಕದಲ್ಲಿ ಭಾರತೀಯರನ್ನು ಸೇರಿಸಿಕೊಂಡ ಮೇಲೆ, ಒಳಗೆ ಸೇರಿದ ನಮ್ಮವರೇ ಹಳೆಯ ನಿಯಮದ ಪುಸ್ತಕವನ್ನು ಎದೆಗೊತ್ತಿಕೊಂಡರು. ಬಿಳಿಯರು ಬಣ್ಣವನ್ನು ನೋಡುತ್ತಿದ್ದರು. ಬಣ್ಣ ನೋಡುವುದು ಅಸಭ್ಯವೆಂದಾದ ಮೇಲೆ ಕೊರಳಪಟ್ಟಿಯನ್ನು ನೋಡುವುದು ಸಭ್ಯವೆಂದಾಯಿತು. ಬಡವನಿಗೆ, ಹಳ್ಳಿಗನಿಗೆ ಪ್ರವೇಶವಿಲ್ಲವೆಂದು ಬೋರ್ಡು ಬರೆಸಲು ನಾಚಿಕೆಯಾಗುತ್ತದೆ. ಪಂಚೆಗೆ, ಚಪ್ಪಲಿಗೆ ಪ್ರವೇಶವಿಲ್ಲವೆಂದು ಬರೆಸಲು ಯಾವ ನಾಚಿಕೆಯೂ ಇಲ್ಲ. ಚಿತ್ರಕಾರ ಎಂ. ಎಫ್. ಹುಸೇನರನ್ನು ೧೯೮೮ರಲ್ಲಿ ಬರಿಗಾಲೆಂಬ ಕಾರಣಕ್ಕೆ ತಡೆದದ್ದು ಬೇರಾವ ಕ್ಲಬ್ಬೂ ಅಲ್ಲ, ಭಾರತೀಯರಿಗೂ ಬಾಗಿಲು ತೆರೆಯಲೆಂದು ಕಟ್ಟಿದ ಅದೇ ವಿಲಿಂಗ್ಡನ್ನು.

ಇಷ್ಟರ ನಡುವೆ ಮದುರೆಯಲ್ಲಿ ಒಂದು ರಾತ್ರಿ ನಡೆದುದನ್ನು ಹೇಳದಿದ್ದರೆ ಈ ಚರಿತ್ರೆಗೆ ನಡುಗಂಬವೇ ಇಲ್ಲದಂತಾದೀತು. ೧೯೨೧ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮದುರೆಯ ಪಶ್ಚಿಮ ಮಾಸಿ ಬೀದಿಯ ಮನೆಯೊಂದರಲ್ಲಿ ತಂಗಿದ್ದರು. ಪರದೇಶಿ ಬಟ್ಟೆ ಬಿಡಿರೆಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಖಾದಿ ಕೊಳ್ಳಲು ನಮ್ಮಲ್ಲಿ ಹಣವೆಲ್ಲಿದೆ ಎಂದು ಬಡವರು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರವಾಗಿ ಟೊಪ್ಪಿಗೆಯನ್ನೂ ಅಂಗಿಯನ್ನೂ ತೆಗೆದು, ಸೆಪ್ಟೆಂಬರ್ ೨೨ರ ಬೆಳಗ್ಗೆ ಮೊಣಕಾಲಿನ ಮೇಲಣ ತುಂಡು ಪಂಚೆಯೊಂದರಲ್ಲಿ ಹೊರಬಂದರು. ಮೊದಲು ಅಕ್ಟೋಬರ್ ೩೧ರ ವರೆಗೆ ಮಾತ್ರವೆಂದು ಎಣಿಸಿದ್ದ ವ್ರತ ಜೀವಮಾನದ ಉಡುಪಾಯಿತು. ಹತ್ತು ವರ್ಷಗಳ ಮೇಲೆ, ೧೯೩೧ರ ನವೆಂಬರ್ ೫ರಂದು, ಲಂಡನ್ನಿನ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆ ನೀಡಿದ ಸತ್ಕಾರಕ್ಕೂ ಅದೇ ತುಂಡು ಪಂಚೆಯಲ್ಲಿಯೇ ಹೋದರು. ಮೇಲೊಂದು ಶಾಲು, ಕಾಲಿಗೆ ಚಪ್ಪಲಿ. ಅರಮನೆಯ ಬಾಗಿಲು ತೆರೆಯಿತು. ಚಕ್ರವರ್ತಿಯ ಬಾಗಿಲು ದಾಟಿದ ಉಡುಪಿಗೆ ಚೆನ್ನೈಯ ಕ್ಲಬ್ಬೊಂದರ ಬಾಗಿಲು ದಾಟಲು ಇನ್ನೂ ೮೩ ವರ್ಷಗಳೂ ಒಂದು ಕಾಯಿದೆಯೂ ಬೇಕಾದುವು.

೨೦೧೪ರ ಜುಲೈ ೧೧ರಂದು ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ. ಹರಿಪರಂದಾಮನ್ ಅವರು ಪುಸ್ತಕ ಬಿಡುಗಡೆಯ ಸಮಾರಂಭಕ್ಕೆಂದು ಚೇಪಾಕದ ತಮಿಳುನಾಡು ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿಗೆ ಹೋದರು. ಉಟ್ಟದ್ದು ಬಿಳಿಯ ಪಂಚೆ. ಕಾವಲಿನವರು ತಡೆದರು. ಪಂಚೆಯುಟ್ಟಿದ್ದ ಇಬ್ಬರು ನ್ಯಾಯವಾದಿಗಳಿಗೂ ಅದೇ ಗತಿ. ಅವರು ತಾವಾಗಿ ಹೋದವರಲ್ಲ, ಆಹ್ವಾನ ಪಡೆದು ಹೋದ ಅತಿಥಿಗಳು. ವಿಷಯ ವಿಧಾನಸಭೆಗೆ ಬಂತು. ಆಗಿನ ಮುಖ್ಯಮಂತ್ರಿ ಜಯಲಲಿತಾ ಅವರು ಇದನ್ನು ಉಡುಪಿನ ನಿರಂಕುಶಾಧಿಕಾರವೆಂಬ ಅರ್ಥದ ಮಾತಿನಿಂದ ಖಂಡಿಸಿ, ಆಗಸ್ಟಿನಲ್ಲಿಯೇ ಶಾಸನ ತಂದರು. ಸಾರ್ವಜನಿಕ ಸ್ಥಳಗಳ ಪ್ರವೇಶಕ್ಕೆ ಉಡುಪಿನ ನಿರ್ಬಂಧವನ್ನು ತೆಗೆದುಹಾಕುವ ಆ ಕಾಯಿದೆಯ ಪ್ರಕಾರ ವಿನೋದ ಕ್ಲಬ್ಬಾಗಲಿ, ಸಂಘವಾಗಲಿ, ಕಂಪನಿಯಾಗಲಿ ಪಂಚೆಯನ್ನೋ ಬೇರೆ ಯಾವುದೇ ಭಾರತೀಯ ಸಾಂಪ್ರದಾಯಿಕ ಉಡುಪನ್ನೋ ಉಟ್ಟವನನ್ನು ಅದೇ ಕಾರಣಕ್ಕಾಗಿ ತಡೆಯಕೂಡದು. ತಡೆದರೆ ಒಂದು ವರ್ಷದ ವರೆಗೆ ಸೆರೆ, ೨೫,೦೦೦ ರೂಪಾಯಿ ವರೆಗೆ ದಂಡ. ಲೈಸೆನ್ಸು ರದ್ದಾಗುವುದಕ್ಕೂ ಅವಕಾಶವುಂಟು.

ಈ ಕಾಯಿದೆ ಒಳ್ಳೆಯದೇ. ಆದರೆ ಅದು ಮುಟ್ಟಿದ್ದೇನು, ಬಿಟ್ಟದ್ದೇನು ಎಂದು ನೋಡಬೇಕು. ಉಡುಪನ್ನು ಮುಟ್ಟಿತು, ಸದಸ್ಯತ್ವವನ್ನು ಮುಟ್ಟಲಿಲ್ಲ. ಸೂಚಕ, ಅನುಮೋದಕ, ಪ್ರವೇಶ ಶುಲ್ಕ, ಕಾಯುವವರ ಪಟ್ಟಿ, ಇವೆಲ್ಲ ಹಾಗೆಯೇ ಉಳಿದುವು. ನ್ಯಾಯಮೂರ್ತಿಗಾದ ಅಪಮಾನಕ್ಕೆ ಒಂದು ತಿಂಗಳಲ್ಲಿ ಪರಿಹಾರ ಬಂತು. ಅದೇ ಬಾಗಿಲಲ್ಲಿ ಅದಕ್ಕೂ ಮುಂಚೆ ಹಿಂದಿರುಗಿದ ಸಾಮಾನ್ಯರು ಎಷ್ಟು ಮಂದಿಯೋ, ಅವರ ದೂರು ಯಾವ ಸಭೆಗೂ ಹೋಗಲಿಲ್ಲ.

ಕರ್ನಾಟಕದ ಮಾತು ಹೇಳಿದರೆ ನಮ್ಮವರಿಗೆ ಇನ್ನೂ ಹತ್ತಿರವಾದೀತು. ೨೦೨೪ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು ಬಟ್ಟೆ ಕೊಳೆಯೆಂದು ತಡೆದರು, ಟಿಕೇಟು ಅವನ ಕೈಯಲ್ಲಿದ್ದರೂ. ಸಹಪ್ರಯಾಣಿಕರು ಜಗಳ ಹೂಡಿ ಅವನನ್ನು ಒಳಗೆ ಕರೆದೊಯ್ದರು. ತಡೆದ ಮೇಲ್ವಿಚಾರಕನನ್ನು ನಿಗಮ ಕೆಲಸದಿಂದ ತೆಗೆಯಿತು. ಅದೇ ವರ್ಷದ ಜುಲೈ ೧೬ರಂದು ಮಾಗಡಿ ರಸ್ತೆಯ ಜಿ. ಟಿ. ಮಾಲಿನಲ್ಲಿ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಿಡಲಿಲ್ಲ. ಮಗನೊಡನೆ ಚಲನಚಿತ್ರ ನೋಡಲು ಬಂದಿದ್ದರು. ಎರಡು ದಿನಗಳಲ್ಲಿ ಸರಕಾರ ಆ ಮಳಿಗೆಯನ್ನು ಏಳು ದಿನ ಮುಚ್ಚಿಸುವುದಾಗಿ ವಿಧಾನಮಂಡಲದಲ್ಲಿ ಪ್ರಕಟಿಸಿತು. ಇಲ್ಲಿ ಗಮನಿಸತಕ್ಕ ವ್ಯತ್ಯಾಸವಿದೆ: ಚೇಪಾಕದ ಕ್ಲಬ್ಬಿಗೆ ನಿಯಮದ ಪುಸ್ತಕವಾದರೂ ಇತ್ತು. ಬೆಂಗಳೂರಿನ ಕಾವಲುಗಾರನ ಕೈಯಲ್ಲಿ ಆಧಾರವೆಂದು ತೋರಿಸಲು ಅಂಥದೇನೂ ಇರಲಿಲ್ಲ. ಅವನೂ ಬಹುಶಃ ಹಳ್ಳಿಯಲ್ಲಿ ಪಂಚೆ ಉಡುವ ತಂದೆಯ ಮಗನೇ. ಪಂಚೆಯುಟ್ಟವನನ್ನು ತಡೆಯುವುದು ತನ್ನ ಕೆಲಸವೆಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿರಲಿಲ್ಲ, ನೂರೈವತ್ತು ವರ್ಷಗಳ ಅಭ್ಯಾಸ ಹೇಳಿಕೊಟ್ಟಿತ್ತು.

ದೇವಸ್ಥಾನದಲ್ಲಿ ಚಕ್ರ ಇನ್ನೊಂದು ಕಡೆಗೆ ತಿರುಗಿದ್ದೂ ಉಂಟು. ೧೯೩೯ರ ಜುಲೈ ೮ರಂದು ವೈದ್ಯನಾಥ ಅಯ್ಯರು ಹರಿಜನ ಬಂಧುಗಳನ್ನೂ ನಾಡಾರೊಬ್ಬರನ್ನೂ ಕರೆದುಕೊಂಡು ಮದುರೆಯ ಮೀನಾಕ್ಷಿಯ ಗುಡಿಯನ್ನು ಪ್ರವೇಶಿಸಿದರು. ಹುಟ್ಟಿನ ಬೇಲಿ ಅಂದು ಮುರಿಯಿತು. ೨೦೧೫ರ ನವೆಂಬರಿನಲ್ಲಿ ಮದುರೆಯ ನ್ಯಾಯಪೀಠದ ಏಕಸದಸ್ಯ ಆದೇಶವೊಂದು ಹೊರಟು, ೨೦೧೬ರ ಜನವರಿ ೧ರಿಂದ ತಮಿಳುನಾಡಿನ ದೇವಾಲಯಗಳಿಗೆ ಬರುವ ಗಂಡಸರು ಪಂಚೆ ಅಥವಾ ಪೈಜಾಮ ಉಟ್ಟು ಮೇಲುವಸ್ತ್ರ ಹೊದೆದೋ, ಶಿಸ್ತಿನ ಷರಾಯಿ ಅಂಗಿ ತೊಟ್ಟೋ ಬರಬೇಕೆಂದು, ಹೆಂಗಸರು ಸೀರೆ ಮುಂತಾದುವುಗಳಲ್ಲಿ ಬರಬೇಕೆಂದು ವಿಧಿಸಿತು. ನಮ್ಮ ಪಳನಿಯೂ ಆ ಅಪ್ಪಣೆಗೆ ಒಳಗಾಯಿತು. ಜೀನ್ಸು ತೊಟ್ಟವರು ಹೊರಗುಳಿದರು. ಅದೇ ತಿಂಗಳಲ್ಲಿ ಮೇಲ್ಮನವಿಯ ಪೀಠ ಅದಕ್ಕೆ ತಡೆ ಕೊಟ್ಟಿತು. ಪಂಚೆಯುಟ್ಟವನನ್ನು ತಡೆಯಬೇಡಿರೆಂದು ಶಾಸನ ಬಂದು ಹದಿನಾರು ತಿಂಗಳಾಗುವಷ್ಟರಲ್ಲಿ ಪಂಚೆಯಿಲ್ಲದವನನ್ನು ತಡೆಯುವ ದಿನ ಬಂದಿತ್ತು!

ಇನ್ನು ಜೂಜಿನ ಕಡೆಯಿಂದ ಸದಸ್ಯತ್ವದ ಅರ್ಥ ಬೇರೆ. ಇಲ್ಲಿ ಅದು ಮರ್ಯಾದೆಗಿಂತ ಹೆಚ್ಚಾಗಿ ಕಾಯಿದೆಯ ಕವಚ. ಹೊರಗಿನ ಯಾರು ಬೇಕಾದರೂ ಬಂದು ಆಡುವ ಮನೆ ಜೂಜುಕಟ್ಟೆ. ಸದಸ್ಯರು ಮಾತ್ರ ಕೂಡಿ ಇಸ್ಪೀಟು ಹಾಕುವ ಮನೆ ಕ್ಲಬ್ಬು. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೬೭ರಲ್ಲಿ ರಮ್ಮಿ ಬಹುಮಟ್ಟಿಗೆ ಕುಶಲತೆಯ ಆಟವೆಂದು ಹೇಳಿ, ಕ್ಲಬ್ಬು ಪಣದಿಂದ ಲಾಭ ಪಡೆದರೆ ಮಾತು ಬೇರೆಯೆಂದು ಎಚ್ಚರಿಸಿತು. ಮದರಾಸಿನಲ್ಲಿ ಅನಿಬೆಸೆಂಟಮ್ಮನವರು ೧೯೧೪ರಲ್ಲಿ ಸ್ಥಾಪಿಸಿದ ತರುಣ ಭಾರತೀಯ ಸಂಘದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ೧೯೭೦ರಲ್ಲಿ, ಸದಸ್ಯರ ಕ್ಲಬ್ಬು ತನ್ನ ಸದಸ್ಯರಿಗೆ ತಿಂಡಿ ಕೊಡುವುದು ಮಾರಾಟವಾಗದೆಂದು ತೀರ್ಮಾನಿಸಿತು. ತನಗೆ ತಾನೇ ಯಾರೂ ಮಾರಿಕೊಳ್ಳಲಾರರಷ್ಟೆ. ಇಂಗ್ಲೆಂಡಿನ ೧೯೬೮ರ ಕಾಯಿದೆಯಂತೂ ಜೂಜಿನ ಕ್ಲಬ್ಬಿಗೆ ಸೇರಿದವನು ಕೂಡಲೇ ಆಡಕೂಡದು, ಅರ್ಜಿಯ ಮೇಲೆ ಇಷ್ಟು ಹೊತ್ತು ಕಳೆಯಬೇಕು ಎಂದು ವಿಧಿಸಿತ್ತು. ಹಠಾತ್ತಾಗಿ ಮೈಮರೆತು ಬಂದವನಿಗೆ ಮನೆ ನೆನಪಾಗಲೆಂದು. ೨೦೦೫ರ ಸುಧಾರಣೆಯಲ್ಲಿ ಆ ಕಾಯುವಿಕೆ ಹೋಯಿತು. ಮೊನಾಕೊ ತನ್ನ ಪ್ರಜೆಗಳನ್ನು ತನ್ನ ಕ್ಯಾಸಿನೊದಲ್ಲಿ ಆಡಗೊಡುವುದಿಲ್ಲ. ಗೋವಾ ಸರಕಾರವೂ ೨೦೨೦ರ ಫೆಬ್ರವರಿಯಿಂದ ಗೋವೆಯವರಿಗೆ ಅಲ್ಲಿಯ ಜೂಜುಮಂದಿರಗಳನ್ನು ನಿಷೇಧಿಸಿತು. ಹಾಳಾಗುವವರು ಪರಸ್ಥಳದವರಾಗಲಿ ಎಂಬ ನೀತಿ! ನಮ್ಮ ಮಕ್ಕಳಿಗೆ ಈಗಿನ ಅಪಾಯವೋ, ಬಾಗಿಲೂ ಇಲ್ಲದ, ಕಾವಲೂ ಇಲ್ಲದ ಜೂಜುಕಟ್ಟೆಯದಾಗಿತ್ತು. ಕೈಯಲ್ಲಿರುವ ಫೋನಿನೊಳಗೆ ಯಾವ ಬಟ್ಟೆಯಲ್ಲಿದ್ದರೂ ಪ್ರವೇಶ. ತಮಿಳುನಾಡು ಆಧಾರ್ ಗುರುತು ಕೇಳಿತು, ನಡುರಾತ್ರಿಯಿಂದ ಬೆಳಗಿನ ಐದು ಗಂಟೆಯ ತ‌ನಕ ಆಟ ಕೂಡದೆಂದಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣದ ಪಣವುಳ್ಳ ಅಂತರ್ಜಾಲದ ಆಟಗಳನ್ನೇ ನಿಷೇಧಿಸಿತು. ಕಾವಲು ಎಲ್ಲಿ ಬೇಕಾಗಿತ್ತೋ ಅಲ್ಲಿಗೆ ಬರುವುದು ತಡವಾಯಿತೆಂದು ನನ್ನ ಅಭಿಪ್ರಾಯ.

ಈ ಹಳೆಯ ಪುರಾಣವನ್ನೆಲ್ಲ ಈಗ ಬಿಚ್ಚುವುದಕ್ಕೆ ಕಾರಣ ನಮ್ಮ ಸಂಘದ ನಿಯಮಾವಳಿಗೆ ಬಂದಿರುವ ತಿದ್ದುಪಡಿಗಳು. ಮೊದಲನೆಯದು: ಹೊಸ ಸದಸ್ಯನನ್ನು ಐದು ವರ್ಷ ಹಳೆಯ ಇಬ್ಬರು ಸದಸ್ಯರು ಸೂಚಿಸಿ ಅನುಮೋದಿಸಬೇಕು. ಎರಡನೆಯದು: ರಾಜ್ಯೋತ್ಸವದ ಸಭೆಗೆ ಗಂಡಸರು ಪಂಚೆ, ಶಲ್ಯಗಳಲ್ಲಿಯೂ ಹೆಂಗಸರು ಸೀರೆಯಲ್ಲಿಯೂ ಬರತಕ್ಕದ್ದು. ಇವನ್ನು ಮುಂದಿಟ್ಟ ಹಿರಿಯರ ಭಾಷಾಭಿಮಾನದಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಭೆಯಲ್ಲಿ ಎಲ್ಲರೂ ಬೆಳ್ಳಗೆ ಉಟ್ಟು ಕುಳಿತರೆ ನೋಡಲು ಚೆನ್ನವೆಂಬುದನ್ನೂ ಒಪ್ಪುತ್ತೇನೆ.

ಆದರೆ ನಾವು ಯಾರು? ಶತಮಾನಗಳ ಹಿಂದೆ ಮೇಲಿನಿಂದ ಇಳಿದುಬಂದು ಕಂಬಂ ಕಣಿವೆಯಲ್ಲಿ ಗದ್ದೆ ಮಾಡಿ ನಿಂತ ಒಕ್ಕಲಿಗರು, ಬೋಡಿಯಲ್ಲಿಯೂ ಸುತ್ತಮುತ್ತಲೂ ಮಗ್ಗ ಹೂಡಿದ ದೇವಾಂಗರು. ಕಂಬದಲ್ಲಿ ದೇವರ ಆವುಗಳೆಂದು ಮೀಸಲು ದನಗಳ ಹಿಂಡನ್ನು ಇಂದಿಗೂ ಸಾಕುವವರು; ‘ಆವು’ ಎಂಬ ಹಳೆಯ ಮಾತನ್ನು ಬೆಂಗಳೂರಿನವರು ಪುಸ್ತಕದಲ್ಲಿ ಓದುತ್ತಾರೆ, ನಮ್ಮವರು ದೊಡ್ಡಿಯಲ್ಲಿ ಆಡುತ್ತಾರೆ. ದೇವಲ ಮಹರ್ಷಿ ದೇವತೆಗಳಿಗೂ ಮನುಷ್ಯರಿಗೂ ಮೊದಲ ಬಟ್ಟೆ ತಂದುಕೊಟ್ಟನೆಂದು ಹೇಳಿಕೊಳ್ಳುವ ಕುಲದವರ ಮೊಮ್ಮಕ್ಕಳು ಇಂದು ಗಿರಣಿಯಲ್ಲಿ ಪಾಳಿ ಮುಗಿಸಿ, ಷರಾಯಿಯ ಮೇಲೆ ಹತ್ತಿಯ ಧೂಳು ಹೊತ್ತು ನೇರ ಸಭೆಗೆ ಬರುವವರು. ಏಲಕ್ಕಿಯ ಮಂಡಿಯಿಂದ ಬರುವವರೂ ಹಾಗೆಯೇ. ಅವರಲ್ಲಿ ಹಲವರು ಮನೆಯಲ್ಲಿ ಕನ್ನಡವಾಡುತ್ತಾರೆ, ಓದಲಾರರು. ಶಾಲೆಯಲ್ಲಿ ಕಲಿತದ್ದು ತಮಿಳು. ಪಾಠಶಾಲೆಯಲ್ಲಿ ಮಕ್ಕಳ ನಡುವೆ ಇದ್ದು ನಾನು ಕಂಡದ್ದು ಇಷ್ಟು: ಬಾಯಲ್ಲಿ ಕನ್ನಡವಿರುವ ಮಗು ಅದನ್ನು ಬರೆದು ತೋರಿಸೆಂದರೆ ನಾಚಿ ಹಿಂದೆ ಸರಿಯುತ್ತದೆ. ಸಭೆಯ ಬಾಗಿಲಲ್ಲಿ ಅದರ ತಂದೆಯನ್ನು ಷರಾಯಿಗಾಗಿ ತಡೆದರೆ ಮಗು ಇನ್ನೊಮ್ಮೆ ಆ ಕಡೆ ಬಾರದು.

ಕಾಯಿದೆಯ ದೃಷ್ಟಿಯಿಂದ ನೋಡಿದರೆ ೨೦೧೪ರ ಶಾಸನ ಪಂಚೆಯುಟ್ಟವನನ್ನು ರಕ್ಷಿಸುತ್ತದೆ, ಷರಾಯಿ ತೊಟ್ಟವನನ್ನಲ್ಲ. ಆದ್ದರಿಂದ ನಮ್ಮ ಎರಡನೆಯ ತಿದ್ದುಪಡಿ ಅಕ್ರಮವೆಂದು ನಾನು ವಾದಿಸಲಾರೆ. ಅಕ್ರಮವಲ್ಲದ್ದೆಲ್ಲ ನಮಗೆ ತಕ್ಕದ್ದೆಂದು ಅರ್ಥವಾಗಬೇಕಾಗಿಲ್ಲ. ‘ಬರತಕ್ಕದ್ದು’ ಎಂಬಲ್ಲಿ ‘ಬಂದರೆ ಸಂತೋಷ’ ಎಂದು ತಿದ್ದಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ.

ಮೊದಲನೆಯದು ಇನ್ನೂ ಕಷ್ಟದ್ದು, ಏಕೆಂದರೆ ಮೇಲ್ನೋಟಕ್ಕೆ ನಿರುಪದ್ರವಿಯಾದದ್ದು. ಐದು ವರ್ಷ ಹಳೆಯ ಸದಸ್ಯರು ನಮ್ಮಲ್ಲಿ ಬಹುಮಟ್ಟಿಗೆ ಪಟ್ಟಣದ ಎರಡು ಮೂರು ಬೀದಿಗಳವರು. ಚಿನ್ನಾಳಪಟ್ಟಿಯಿಂದಲೋ ಆಂಡಿಪಟ್ಟಿಯಿಂದಲೋ ಬರುವ ನೇಯ್ಗೆಯವನಿಗೆ, ತೋಟದ ಕೂಲಿಯವನಿಗೆ ಆ ಬೀದಿಗಳಲ್ಲಿ ಪರಿಚಿತರು ಯಾರು? ಬೀಗರಿಲ್ಲದವನಿಗೆ ಸೂಚಕನಿಲ್ಲ, ಸೂಚಕನಿಲ್ಲದವನಿಗೆ ಸಂಘವಿಲ್ಲ. ನಮ್ಮಲ್ಲಿ ಗೋಲಿಗಳ ಪೆಟ್ಟಿಗೆ ಇಲ್ಲ, ನಿಜ. ಆದರೆ ಇಬ್ಬರು ಸುಮ್ಮನಿದ್ದುಬಿಟ್ಟರೆ ಕರಿಯ ಗೋಲಿ ತಾನಾಗಿಯೇ ಬಿದ್ದಂತೆ. ಇದರ ಬದಲು ಅರ್ಜಿದಾರನು ಕಾರ್ಯಕಾರಿ ಸಮಿತಿಯ ಮುಂದೆ ಬಂದು ಐದು ನಿಮಿಷ ಕನ್ನಡದಲ್ಲಿ ಮಾತಾಡಲಿ. ಯಾವ ಸೀಮೆಯ ಕನ್ನಡವಾದರೂ ಸರಿ, ತಮಿಳು ಬೆರೆತದ್ದಾದರೂ ಸರಿ. ತಳ್ಳಿಹಾಕುವುದಾದರೆ ಕಾರಣವನ್ನು ಬರೆದು, ಬೇಡವೆಂದವರು ಸಹಿ ಹಾಕಲಿ. ಈ ಪರ್ಯಾಯ ಸೂಚನೆಯೂ ಕಾರ್ಯದರ್ಶಿಗಳ ಕೈಯಲ್ಲಿದೆ. ಅದನ್ನು ಸಭೆಯ ಮುಂದಿಡಲು ಇನ್ನೊಬ್ಬರ ಅನುಮೋದನೆ ಬೇಕೆಂದು ತಿಳಿಸಿದ್ದಾರೆ. ಈ ಸಂಚಿಕೆ ಕೈಸೇರಿದ ಮೇಲೆ ಯಾರಾದರೂ ಸಹಿ ಹಾಕಲು ಒಪ್ಪಿದರೆ ಉಪಕಾರವಾದೀತು.